ಒಪ್ಪಿಗೆಯಾಗಿದೆ, ದುಡ್ಡು ಬಂದಿಲ್ಲ

ಮನೆಯಲ್ಲಿ ಅವನನ್ನು ಚೌಕಾಶಿ ಎಂದೇ ಕರೆಯುತ್ತಿದ್ದರು. ಹನ್ನೊಂದನೆಯ ವಯಸ್ಸಿನಲ್ಲಿ ಬಸ್ಸಿನ ಕಂಡಕ್ಟರನ ಹತ್ತಿರ ಅರ್ಧ ಟಿಕೆಟ್ಟಿನಲ್ಲಿ ಇನ್ನೂ ಅರ್ಧ ಬಿಡಿಸಿಕೊಳ್ಳಲು ಹೋಗಿ, ಮುಂದಿನ ನಿಲ್ದಾಣದಲ್ಲೇ ಇಳಿಸಿಕೊಂಡು, ಮೂರು ಮೈಲಿ ನಡೆದು ಮನೆ ಸೇರಿದ ದಿನ ಅಕ್ಕ ಇಟ್ಟ ಹೆಸರು ಅದು. ಈಗ ಅವನಿಗೆ ಇಪ್ಪತ್ನಾಲ್ಕು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಿಟಕಿಯೇ ಇಲ್ಲದ ಜಾಗದಲ್ಲಿ, ಗಾಜು ಕತ್ತರಿಸಿ ಅಂಚು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ. ಊರಿಗೆಲ್ಲ ಕಣ್ಣು ಕಾಣುವ ಹಾಗೆ ಮಾಡುವವನಿಗೆ ತನ್ನ ಮೂಗಿನ ಕೆಳಗಿನದು ಕಾಣುವುದಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. ಅವನು ಆ ಮಾತಿನ ಮೊದಲರ್ಧವನ್ನಷ್ಟೇ ಕೇಳಿಸಿಕೊಳ್ಳುತ್ತಿದ್ದ.

ಆದ್ದರಿಂದ ಅಕ್ಕ ತನ್ನ ಹಳೆಯ ಓವರ್‌ಲಾಕ್ ಮಿಷನ್ ಮಾರಬೇಕೆಂದಾಗ, ಆ ಕೆಲಸ ಬೇರೆ ಯಾರಿಗೆ ಹೋಗಬೇಕಿತ್ತು? ಬಟ್ಟೆಯ ಅಂಚು ಬಿಚ್ಚದ ಹಾಗೆ ಹೊಲಿಯುವ ಮಿಷನ್ ಅದು; ಮಾಮೂಲಿ ಹೊಲಿಗೆಗೆ ಅವಳ ಹತ್ತಿರ ಬೇರೊಂದಿತ್ತು. ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ, ಓಡಿದರೆ ಕೆಳಗಿನ ಮನೆಯವರು ಕೋಲಿನಿಂದ ಸೂರು ಬಡಿಯುವಷ್ಟು ಸದ್ದು. ಅಕ್ಕ ಒಂಬತ್ತು ವರ್ಷದಿಂದ ಇನ್ನೊಬ್ಬರ ಟೈಲರ್ ಅಂಗಡಿಯಲ್ಲಿ ಕತ್ತಲ ಮೂಲೆಯಲ್ಲಿ ಕೂತು ಹೊಲಿದವಳು. ಈಗ ಬಸ್ ನಿಲ್ದಾಣದ ಎದುರು, ಮೆಟ್ಟಿಲ ಕೆಳಗೆ, ಒಂದು ಕೋಣೆ ಖಾಲಿಯಾಗಿತ್ತು. ಒಂದು ಮಿಷನ್ನೂ ಒಬ್ಬ ಗಿರಾಕಿಯೂ ಹಿಡಿಸುವಷ್ಟು ಜಾಗ, ಗಿರಾಕಿ ತೆಳ್ಳಗಿದ್ದರೆ. ಬೀದಿಗೆ ಬಾಗಿಲು. ಅದರ ಮಾಲೀಕ ಬೀಗದ ಅಜ್ಜ. ನಲವತ್ತು ವರ್ಷ ಬೀಗ ರಿಪೇರಿ ಮಾಡಿ ಉಳಿಸಿದ ಹಣದಲ್ಲಿ ನಾಲ್ಕು ಕೋಣೆ ಕಟ್ಟಿಸಿ, ಈಗ ಅವುಗಳ ಮುಂದೆ ಸ್ಟೂಲು ಹಾಕಿಕೊಂಡು ಕೂರುವ ಮುದುಕ. ಹದಿನೈದು ಸಾವಿರ ಮುಂಗಡ, ಶನಿವಾರ ಸಂಜೆ ಐದರೊಳಗೆ. ಇಲ್ಲದಿದ್ದರೆ ಕೋಣೆ ಮೊಬೈಲ್ ಕವರ್ ಮಾರುವವನಿಗೆ ಎಂದು ಆತ ಕಡ್ಡಿ ಮುರಿದ ಹಾಗೆ ಹೇಳಿದ್ದ.

ಚೌಕಾಶಿ ಹಳೆ ಸಾಮಾನು ಮಾರುವ ಆ್ಯಪಿನಲ್ಲಿ ಮಿಷನ್ನಿನ ಫೋಟೊ ಹಾಕಿ ಹದಿನೆಂಟು ಸಾವಿರ ಎಂದು ಬರೆದ. ಎಣ್ಣೆ ಹಾಕಿ ಒರೆಸಿ, ತುಕ್ಕಿದ್ದ ಕಡೆಗೆ ನೆರಳು ಬೀಳುವ ಹಾಗೆ ನಿಲ್ಲಿಸಿ ತೆಗೆದ ಫೋಟೊ. ಬುಧವಾರ ಮಧ್ಯಾಹ್ನ, ಯಜಮಾನರ ಕಣ್ಣು ತಪ್ಪಿಸಿ ಒಂದು ಕೈಯಲ್ಲಿ ಗಾಜು, ಇನ್ನೊಂದು ಕೈಯಲ್ಲಿ ಫೋನು ಹಿಡಿದಿದ್ದಾಗ ಆಫರ್ ಬಂತು. ಪರದೆ ಹೊಲಿಯುವ ಒಬ್ಬಾಕೆ, ಹದಿನೈದೂವರೆ ಸಾವಿರ. ಮಾರುವಾಗ ಚೌಕಾಶಿ ಮಾಡುವುದು ಅವನಿಗೆ ಬರುತ್ತಿರಲಿಲ್ಲ. ಆ ವಿದ್ಯೆ ಕೊಳ್ಳುವುದಕ್ಕೆ ಮಾತ್ರ. ಒಪ್ಪಿದೆ ಎನ್ನುವ ಗುಂಡಿ ಒತ್ತಿಬಿಟ್ಟ. ಫೋನಿನ ಮೇಲೆ ಹಸಿರು ಅಕ್ಷರ ಮೂಡಿತು: ಒಪ್ಪಿಗೆಯಾಗಿದೆ.

ಸಂಜೆ ಮನೆಯ ಬಾಗಿಲಲ್ಲೇ ಚಪ್ಪಲಿ ಬಿಡುವ ಮೊದಲು ಮಿಷನ್ ಮಾರಿದೆ ಎಂದು ಸಾರಿದ. ಅಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದವಳು ಹಾಗೇ ನಿಂತಳು. ಮರುದಿನ ಬೆಳಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಬೀಗದ ಅಜ್ಜನಿಗೆ ಶನಿವಾರ ದುಡ್ಡು ಖಂಡಿತ ಎಂದು ಹೇಳಿದಳು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ; ಟೈಲರ್ ಅಂಗಡಿಯವನಿಗೂ ತಿಂಗಳ ಕೊನೆಗೆ ಕೆಲಸ ಬಿಡುತ್ತೇನೆಂದು ಹೇಳಿ ಬಂದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದು ಬೇರೆಯವರಿಗೆ ಗಾದೆ, ಅವಳಿಗೆ ಕಸುಬು.

ಗುರುವಾರ ದುಡ್ಡು ಬರಲಿಲ್ಲ.

ಬರದೇ ಇದ್ದದ್ದಕ್ಕೆ ಕಾರಣ ಹುಡುಕುತ್ತ ಅವನು ಆ್ಯಪಿನ ನಿಯಮಗಳನ್ನು ಮೊದಲ ಸಲ ಓದಿದ. ಮಾರುವವನು ಆಫರ್ ಒಪ್ಪಿದ ಮೇಲೆ ಕೊಳ್ಳುವವರಿಗೆ ಹಣ ಕಟ್ಟಲು ತೊಂಬತ್ತಾರು ಗಂಟೆ ಸಮಯ. ಅಲ್ಲಿಯವರೆಗೆ ವಸ್ತು ಬೇರೆ ಯಾರಿಗೂ ಕಾಣಿಸುವುದಿಲ್ಲ. ತೊಂಬತ್ತಾರು ಗಂಟೆ ಎಂದರೆ ನಾಲ್ಕು ದಿನ. ಬುಧವಾರ ಮಧ್ಯಾಹ್ನದಿಂದ ಭಾನುವಾರ ಮಧ್ಯಾಹ್ನ. ಬೀಗದ ಅಜ್ಜನ ಶನಿವಾರ ಅದರ ಹೊಟ್ಟೆಯೊಳಗೆ ಎಲ್ಲೋ ಸಿಕ್ಕಿಕೊಂಡಿತ್ತು.

ಅಂದಿನಿಂದ ಅವನು ಕಾಲು ಸುಟ್ಟ ಬೆಕ್ಕಾದ. ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಅಂಗಡಿಯಲ್ಲಿ ಫೋನು ಮುಟ್ಟುವ ಹಾಗಿಲ್ಲ ಎಂಬ ಯಜಮಾನರ ಕಟ್ಟಪ್ಪಣೆಯಿದ್ದುದರಿಂದ ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋಗಿ ನೋಡುತ್ತಿದ್ದ. ಅಷ್ಟು ನೀರು ಕುಡಿದ ಮೇಲೆ ಇನ್ನೊಂದು ನೆಪ ತಾನಾಗಿಯೇ ಒದಗುತ್ತಿತ್ತು. ಒಪ್ಪಿಗೆಯಾಗಿದೆ, ಒಪ್ಪಿಗೆಯಾಗಿದೆ. ಆ ಹಸಿರು ಅಕ್ಷರ ಅವನನ್ನು ಅಣಕಿಸುವ ಹಾಗಿತ್ತು. ಶುಕ್ರವಾರ ಬೆಳಗ್ಗೆ ಒಂದು ಗಾಜನ್ನು ಕೂದಲೆಳೆಯಷ್ಟು ಹೆಚ್ಚು ಉಜ್ಜಿದ. ಫ್ರೇಮಿಗೆ ಕೂರಿಸಿದರೆ ಅದು ಬಾಗಿಲ ಚೌಕಟ್ಟಿನಲ್ಲಿ ಸಡಿಲಾದ ಹಲಗೆಯ ಹಾಗೆ ಅಲುಗಾಡಿತು. ಯಜಮಾನರು ಗಾಜನ್ನು ಬೆಳಕಿಗೆ ಹಿಡಿದು ನೋಡಿ, ಬೈಯಲೂ ಇಲ್ಲ, ಕೂಲಿಯಲ್ಲಿ ಹಿಡಿದುಕೊಳ್ಳುತ್ತೇನೆ ಎಂದಷ್ಟೇ ಹೇಳಿದರು.

ಅದೇ ದಿನ ಸಂಜೆ ಪಕ್ಕದ ಬೀದಿಯ ಬ್ಯಾಗು ಹೊಲಿಯುವವನು ಮನೆಗೇ ಬಂದ. ಮೊದಲ ದಿನ ಆ್ಯಪಿನಲ್ಲಿ ನೋಡಿದ್ದನಂತೆ, ಆಮೇಲೆ ಹುಡುಕಿದರೆ ಮಾಯ. ಮಿಷನ್ನಿನ ಚಕ್ರ ತಿರುಗಿಸಿ, ಬಟ್ಟೆ ಎಳೆಯುವ ಹಲ್ಲು ಮುಟ್ಟಿ ನೋಡಿ, ಹದಿನಾರು ಸಾವಿರ ಈಗಲೇ ಕೊಡುತ್ತೇನೆ, ಇಲ್ಲವೆಂದರೆ ನಾಳೆ ಬೆಳಗ್ಗೆ ಬೇರೆ ಕಡೆ ನೋಡುತ್ತೇನೆ ಎಂದ. ಜೇಬು ತಟ್ಟಿಕೊಂಡು ಹೇಳಿದ್ದರಿಂದ ಆ ಮಾತಿಗೆ ತೂಕವಿತ್ತು. ಒಂದು ಗಂಟೆಯಲ್ಲಿ ಹೇಳುತ್ತೇವೆ ಎಂದು ಕಳಿಸಿದರು.

ಬಾಗಿಲು ಹಾಕಿದ ಕ್ಷಣವೇ ಚೌಕಾಶಿ ಫೋನು ತೆಗೆದ. ಮಿಷನ್ ಕೆಟ್ಟುಹೋಯಿತು, ವ್ಯಾಪಾರ ರದ್ದು ಎಂದು ಆ ಪರದೆಯವಳಿಗೆ ಬರೆಯುವುದೆಂದು ಅವನ ಲೆಕ್ಕ. ಬರೆದದ್ದನ್ನು ಗಟ್ಟಿಯಾಗಿ ಓದುತ್ತ ಅವಳ ಜನ್ಮವನ್ನೂ ಜಾಲಾಡಿದ. ದುಡ್ಡಿಲ್ಲದ ಮೇಲೆ ಬೆಲೆ ಯಾಕೆ ಕೇಳಬೇಕು? ಒಪ್ಪಿಸಿ ಸುಮ್ಮನೆ ಕೂರುವುದು ಯಾವ ಸಂಸ್ಕಾರ? ಇಂಥವರಿಂದಲೇ ಲೋಕ ಕೆಟ್ಟಿರುವುದು.

“ಕೊಡಿಲ್ಲಿ,” ಎಂದಳು ಅಕ್ಕ. “ಕೆಟ್ಟಿರೋದು ನಿನ್ನ ತಲೆ, ಮಿಷನ್ ಅಲ್ಲ. ನಾನೇ ಕೇಳ್ತೀನಿ.”

ಫೋನು ಕಿತ್ತುಕೊಂಡವಳ ಬೆರಳು ಎಲ್ಲಿ ತಾಗಿತೋ, ತೆರೆದದ್ದು ಅವನು ಮಾರುವ ಪುಟವಲ್ಲ, ಕೊಳ್ಳುವ ಪುಟ. ಅಲ್ಲಿಯೂ ಹಸಿರು ಅಕ್ಷರಗಳಿದ್ದವು. ಒಂದಲ್ಲ, ನಾಲ್ಕು. ಒಂದು ಗಿಟಾರು, ಒಂದು ಜೊತೆ ಚರ್ಮದ ಬೂಟು, ಮಡಚುವ ಮೇಜು, ಒಂದು ದುರ್ಬೀನು. ನಾಲ್ಕಕ್ಕೂ ಅವನು ಬೆಲೆ ಇಳಿಸಿ ಆಫರ್ ಹಾಕಿದ್ದ, ನಾಲ್ವರೂ ಒಪ್ಪಿದ್ದರು, ನಾಲ್ಕಕ್ಕೂ ಅವನು ಹಣ ಕಟ್ಟಿರಲಿಲ್ಲ. ಕಟ್ಟುವ ಯೋಚನೆಯೂ ಅವನಿಗಿರಲಿಲ್ಲ. ಕೂಲಿಯ ದಿನ ದೂರವಿದ್ದಾಗ, ಬಸ್ಸಿನಲ್ಲಿ ಜಾಗ ಸಿಗದೆ ಕಂಬ ಹಿಡಿದು ನಿಂತಾಗ, ಹೀಗೆ ಬೆಲೆ ಕೇಳುವುದು ಅವನ ಚಟ. ಯಾರೋ ಆಗಲಿ ಎಂದರೆ ಆ ವಸ್ತು ಅರ್ಧ ತನ್ನದಾದ ಹಾಗೆ. ಉಳಿದರ್ಧ ಕೆಲವು ದಿನದಲ್ಲಿ ತಾನಾಗಿ ಕಳಚಿಕೊಳ್ಳುತ್ತಿತ್ತು. ಖರ್ಚಿಲ್ಲದ ಸಾಹುಕಾರಿಕೆ.

ಅಕ್ಕ ದುರ್ಬೀನಿನ ಕೆಳಗಿದ್ದ ಸಂದೇಶಗಳನ್ನು ಗಟ್ಟಿಯಾಗಿ ಓದಿದಳು. ಮಾರುತ್ತಿದ್ದವರು ಯಾರೋ ನಿವೃತ್ತ ಮೇಷ್ಟ್ರು. ಬುಧವಾರ: ಒಪ್ಪಿದ್ದೇನೆ. ಗುರುವಾರ: ಹತ್ತಿ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ, ಗಾಜಿಗೆ ಏಟಾಗುವುದಿಲ್ಲ. ಶುಕ್ರವಾರ: ಬೇರೊಬ್ಬರು ಕೇಳಿದರು, ನಿಮಗೆ ಮಾತು ಕೊಟ್ಟಿದ್ದೇನೆಂದು ಇಲ್ಲವೆಂದೆ. ತಮಗೆ ಅನುಕೂಲವಾದಾಗ ತಿಳಿಸಿ.

ಅಮ್ಮ ತಟ್ಟೆ ಒರೆಸುವುದನ್ನು ನಿಲ್ಲಿಸಿ ಕೇಳುತ್ತಿದ್ದಳು. “ಲೋಕಕ್ಕೆಲ್ಲ ಶಕುನ ಹೇಳಿದ ಹಲ್ಲಿ ತಾನೇ ನೀರಿನ ಬಾನಿಯಲ್ಲಿ ಬಿತ್ತು,” ಎಂದು ಮತ್ತೆ ಒರೆಸತೊಡಗಿದಳು.

ಚೌಕಾಶಿ ಫೋನಿಗೆ ಕೈ ಚಾಚಿದ. ಅಕ್ಕ ಕೊಡಲಿಲ್ಲ.

ಅಕ್ಕ ಪರದೆಯವಳಿಗೆ ಬರೆದದ್ದು ಒಂದೇ ಸಾಲು: ಮಿಷನ್ ನನ್ನದು, ನಾನೂ ಹೊಲಿಯುವವಳೇ, ದುಡ್ಡು ಯಾವಾಗ ಕಟ್ಟಲು ಆಗುತ್ತದೆ ಹೇಳಿದರೆ ಸಾಕು. ಹತ್ತು ನಿಮಿಷದಲ್ಲಿ ಉತ್ತರ ಬಂತು. ಪರದೆ ಕಾರ್ಖಾನೆಯಲ್ಲಿ ತಿಂಗಳ ಸಂಬಳ, ಓವರ್‌ಟೈಮ್ ಸೇರಿ, ಶನಿವಾರ ಸಂಜೆ ಆರಕ್ಕೆ ಕೊಡುತ್ತಾರೆ. ಕೊಟ್ಟ ಕೂಡಲೇ ಕಟ್ಟುತ್ತೇನೆ. ದಯವಿಟ್ಟು ಬೇರೆಯವರಿಗೆ ಕೊಡಬೇಡಿ, ಮಿಷನ್ ಬರುತ್ತದೆಂದು ಎರಡು ಮನೆಯ ಕೆಲಸ ಒಪ್ಪಿಕೊಂಡುಬಿಟ್ಟಿದ್ದೇನೆ.

ಅಕ್ಕ ಆ ಕೊನೆಯ ಸಾಲನ್ನು ಎರಡು ಸಲ ಓದಿದಳು. ಕುಲಾವಿ ಹೊಲಿಯುವವರು ಊರಲ್ಲಿ ತಾನೊಬ್ಬಳೇ ಅಲ್ಲ ಎಂದು ಅವಳಿಗೆ ಅನ್ನಿಸಿರಬೇಕು. ಬ್ಯಾಗಿನವನಿಗೆ ಇಲ್ಲವೆಂದು ಹೇಳಿ ಕಳಿಸಿದಳು.

“ಆರು ಗಂಟೆ ಅಂತಾಳೆ,” ಎಂದ ಚೌಕಾಶಿ. “ಅಜ್ಜ ಐದು ಅಂತಾನೆ.”

“ಒಂದು ಗಂಟೆ ತಾನೆ. ಬೆಲೆ ಇಳಿಸಿ ಇಳಿಸಿ ಹೆಸರು ಮಾಡಿದವನು ನೀನು. ಹೋಗಿ ಗಂಟೆ ಏರಿಸಿಕೊಂಡು ಬಾ. ನನಗೆ ನಾಳೆ ಏಳರ ತನಕ ಅಂಗಡಿ ಬಿಡೋಕಾಗಲ್ಲ.”

ಶನಿವಾರ ಅಂಗಡಿಯಲ್ಲಿ ನಾಲ್ಕಕ್ಕೆ ಕೂಲಿ ಕೊಟ್ಟರು, ಕೆಟ್ಟ ಗಾಜಿನ ಬೆಲೆ ಹಿಡಿದುಕೊಂಡು. ಅವನು ಮೆಟ್ಟಿಲ ಮೇಲೇ ನಿಂತು ಗಿಟಾರು, ಬೂಟು, ಮೇಜಿನವರಿಗೆ ತಪ್ಪಾಯಿತು, ಕೊಳ್ಳಲಾರೆ ಎಂದು ಬರೆದ. ಮೇಷ್ಟ್ರ ಸರದಿ ಬಂದಾಗ ಬೆರಳು ತಡೆಯಿತು. ಹತ್ತಿ ಸುತ್ತಿ ಇಟ್ಟಿದ್ದಾರೆ. ಗಾಜಿನ ಕೆಲಸ ಮಾಡುವವನಿಗೆ ಹತ್ತಿ ಸುತ್ತಿದ ಗಾಜು ಎಂದರೆ ಸಣ್ಣ ಮಾತಲ್ಲ. ಎರಡನೆಯ ಯೋಚನೆ ಬರುವ ಮೊದಲೇ ಹಣ ಕಟ್ಟಿಬಿಟ್ಟ. ಜೇಬಿನಲ್ಲಿ ಮುನ್ನೂರು ಉಳಿಯಿತು. ಅಮ್ಮನ ಕೈಗೆ ವಾರಕ್ಕೊಮ್ಮೆ ಇಡುವ ಪಾಲೂ ಅದರಲ್ಲೇ ಹೋಗಿತ್ತು ಎಂಬುದು ಬೀದಿ ದಾಟುವಾಗ ಹೊಳೆಯಿತು.

ಬೀಗದ ಅಜ್ಜ ಖಾಲಿ ಕೋಣೆಯ ಮುಂದೆ ಸ್ಟೂಲಿನ ಮೇಲೆ ಕೂತಿದ್ದ. ಸೊಂಟದಲ್ಲಿ ಬೀಗದ ಕೈಗೊಂಚಲು, ಕಾಲ ಬಳಿ ಬಟ್ಟೆಯ ಚೀಲ. ಶನಿವಾರ ಐದೂವರೆಯ ಬಸ್ಸಿಗೆ ಮಗಳ ಮನೆಗೆ ಹೋಗುವುದು ಅವನ ಪದ್ಧತಿ. ದಾರಿಯಲ್ಲೇ ಆ ಮೊಬೈಲ್ ಕವರಿನವನ ಗಾಡಿ. ಇಳಿದು ಒಂದು ಮಾತು ಹೇಳಿದರೆ ಮುಗಿಯಿತು. ಚೌಕಾಶಿ ಬಂದ ಕಾರಣ ಹೇಳಿಕೊಂಡ. ದುಡ್ಡು ಆರಕ್ಕೆ ಬರುತ್ತದೆ, ಒಂದೇ ಗಂಟೆ. ಅಜ್ಜ ತಲೆಯಾಡಿಸಿದ. ಐದು ಅಂದರೆ ಐದು. ಚೌಕಾಶಿ ಅಕ್ಕನ ಒಂಬತ್ತು ವರ್ಷದ ಕತ್ತಲ ಮೂಲೆಯ ಕಥೆ ಹೇಳಿದ, ಹಾಲಿಗಿಂತ ನೀರು ಹೆಚ್ಚಾಗುವಷ್ಟು ಹೇಳಿದ. ಅಜ್ಜ ಕೇಳುತ್ತ ಮೂಗಿನಿಂದ ಜಾರುತ್ತಿದ್ದ ಕನ್ನಡಕವನ್ನು ಮೇಲೆ ತಳ್ಳಿಕೊಳ್ಳುತ್ತಲೇ ಇದ್ದ. ಐದಾಯಿತು. ಐದೂ ಹತ್ತಾಯಿತು. ಅಜ್ಜ ಚೀಲಕ್ಕೆ ಕೈ ಹಾಕಿದ.

ಆಗ ಚೌಕಾಶಿಯ ಕಣ್ಣು ಆ ಕನ್ನಡಕದ ಮೇಲೆ ಬಿತ್ತು. ಎಡಗಡೆಯ ಕಡ್ಡಿಯ ತಿರುಪು ಸಡಿಲಾಗಿತ್ತು.

“ಅಜ್ಜಾ, ಇದು ಬಸ್ಸಿನ ಕುಲುಕಾಟದಲ್ಲಿ ಬಿದ್ದುಹೋಗುತ್ತೆ. ಕೊಡಿ, ಒಂದು ನಿಮಿಷ,” ಎಂದ. ಸಣ್ಣ ತಿರುಪುಳಿ ಅವನ ಅಂಗಿಯ ಜೇಬಿನಲ್ಲಿ ಸದಾ ಇರುತ್ತಿತ್ತು. ಅಜ್ಜ ಕೊಟ್ಟ. ಕೊಟ್ಟದ್ದೇ ತಡ, ಅಜ್ಜನ ಲೋಕ ಮಸುಕಾಯಿತು. ಬಸ್ಸಿನ ನಂಬರು ಇರಲಿ, ಬಸ್ಸೇ ಕಾಣುವುದು ಕಷ್ಟವಾಯಿತು.

ಅರ್ಧ ತಿರುವಿನ ಕೆಲಸ ಅದು. ಚೌಕಾಶಿ ತಿರುಪನ್ನು ಪೂರ್ತಿ ಹೊರಗೆ ತೆಗೆದ. ಒರೆಸಿದ. ಗಾಜನ್ನೂ ತೆಗೆದು ಅಂಗಿಯ ಅಂಚಿನಿಂದ ಒರೆಸಿದ. ಧೂಳು ಬಹಳ ಇದೆ ಎಂದ. ತಿರುಪನ್ನು ಅಂಗೈಯಿಂದ ಬೇಕೆಂದೇ ಜಾರಿಸಿ, ಮೊಣಕಾಲೂರಿ ಕಲ್ಲುಸಂದಿಯಲ್ಲಿ ಹುಡುಕಿದ. ಹುಡುಕುತ್ತ ಹುಡುಕುತ್ತ ಅದು ನಿಜಕ್ಕೂ ಕಾಣದೇ ಹೋದಾಗ ಸಂದಿಗೆ ಬೆರಳು ತೂರಿಸಿ ಮಣ್ಣು ಕೆದಕಿದ. ಐದೂವರೆಯ ಬಸ್ಸು ಬಂತು, ಉಸ್ಸೆಂದು ನಿಂತಿತು, ಹೋಯಿತು. ಅಜ್ಜ ಅದರ ಸದ್ದು ಹೋದ ಕಡೆಗೆ ಕಿವಿ ಕೊಟ್ಟು ಕೂತಿದ್ದ. ತಿರುಪು ಕೊನೆಗೆ ಸಿಕ್ಕಿದ್ದು ಚೌಕಾಶಿಯ ಪ್ಯಾಂಟಿನ ಮಡಿಕೆಯಲ್ಲೇ, ಆರಕ್ಕೆ ಎಂಟು ನಿಮಿಷ ಇದ್ದಾಗ.

ಆರೂ ಹನ್ನೆರಡಕ್ಕೆ ಫೋನು ಮಿಡಿಯಿತು. ಹಣ ಸಂದಾಯವಾಗಿದೆ. ಚೌಕಾಶಿ ಎದ್ದು ನಿಂತು ಕನ್ನಡಕವನ್ನು ಅಜ್ಜನ ಮೂಗಿನ ಮೇಲಿಟ್ಟು, ಫೋನನ್ನು ಅವನ ಮುಖಕ್ಕೆ ಹಿಡಿದ.

ಅಜ್ಜ ನಿಧಾನಕ್ಕೆ ಓದಿದ. ದೊಡ್ಡ ಅಕ್ಷರ ಮುಗಿಸಿ ಸಣ್ಣ ಅಕ್ಷರಕ್ಕೆ ಇಳಿದ. ಗಾಜು ಅಷ್ಟು ಚೊಕ್ಕಟವಾಗಿ ಒರೆಸಿದ್ದು ತಪ್ಪಾಯಿತು. “ವಸ್ತು ಕೊಂಡವರ ಕೈ ಸೇರಿ, ಸರಿಯಿದೆ ಎಂದು ಅವರು ತಿಳಿಸಿದ ನಂತರ ಹಣ ನಿಮ್ಮ ಖಾತೆಗೆ ಬರುತ್ತದೆ,” ಎಂದು ಗಟ್ಟಿಯಾಗಿ ಓದಿ, ತಲೆ ಎತ್ತಿದ. “ಇದು ನೀರೊಳಗಿನ ಎಮ್ಮೆ ವ್ಯಾಪಾರ ಕಣಪ್ಪಾ. ದುಡ್ಡು ಎಲ್ಲಿ?”

ಚೌಕಾಶಿ ಫೋನನ್ನು ತನ್ನ ಕಡೆ ತಿರುಗಿಸಿಕೊಂಡ. ನಿಯಮ ಓದುವಾಗ ಅವನು ತೊಂಬತ್ತಾರು ಗಂಟೆಯಲ್ಲೇ ನಿಂತುಬಿಟ್ಟಿದ್ದ; ಕೆಳಗೆ ಇನ್ನೂ ಇತ್ತು. ಜೇಬಿನಿಂದ ಮುನ್ನೂರು ತೆಗೆದು, ಇದೊಂದಿದೆ ಎಂದ. ಕೂಲಿ ಏನಾಯಿತು ಎಂದು ಅಜ್ಜ ಕೇಳಿದಾಗ ದುರ್ಬೀನಿನ ಕಥೆಯನ್ನೂ ಹೇಳಬೇಕಾಯಿತು. ಹೇಳುತ್ತ ಹೋದಂತೆ ಅದು ಅವನಿಗೇ ಹುಚ್ಚನ ಕಥೆಯಂತೆ ಕೇಳಿಸಿತು.

“ನಾನು ಬಸ್ಸು ತಪ್ಪಿಸಿದೆ ನಿಮಗೆ,” ಎಂದೂ ಸೇರಿಸಿದ. ಯಾಕೆ ಸೇರಿಸಿದನೋ.

“ಗೊತ್ತು,” ಎಂದ ಅಜ್ಜ. “ನಲವತ್ತು ವರ್ಷ ಬೀಗ ಬಿಚ್ಚಿದವನಿಗೆ ತಿರುಪಿನ ಲೆಕ್ಕ ಕಲಿಸ್ತೀಯಾ? ಎಷ್ಟು ಹೊತ್ತು ಎಳೀತೀಯಾ ನೋಡೋಣ ಅಂತ ಕೂತಿದ್ದೆ. ಏಳಕ್ಕೆ ಇನ್ನೊಂದು ಬಸ್ಸಿದೆ.” ಮುನ್ನೂರನ್ನು ಅವನ ಜೇಬಿಗೇ ತುರುಕಿ, ಅಲ್ಲಿದ್ದ ತಿರುಪುಳಿಯನ್ನು ತೆಗೆದುಕೊಂಡ. “ಇದಿಲ್ಲದೆ ನಿನ್ನ ಕೆಲಸ ನಡೆಯುತ್ತಾ?”

“ಇಲ್ಲ.”

“ಹಾಗಾದ್ರೆ ಇದು ನನ್ನ ಹತ್ರ ಇರ್ಲಿ. ಬುಧವಾರ ಸಂಜೆ ತನಕ ಕೋಣೆ ನಿಮ್ಮಕ್ಕಂದು. ಆಮೇಲೆ ಕವರಿನವಂದು. ಬೀಗದ ಕೈ ಮಾತ್ರ ಈಗ ಕೊಡಲ್ಲ. ನಿನ್ನ ದುಡ್ಡು ಬರ್ತಾ ಇದೆಯಲ್ಲ, ಬೀಗದ ಕೈನೂ ಬರ್ತಾ ಇದೆ ಅಂತ ಹೇಳು ಅವಳಿಗೆ.”

ಭಾನುವಾರ ಬೆಳಗ್ಗೆ ಮಿಷನ್ನನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಅಕ್ಕ ತಮ್ಮ ಇಬ್ಬರೂ ಸೊಂಟ ಹಿಡಿದುಕೊಂಡು ಇಳಿಸಿ ಸಾಗಣೆಯವರಿಗೆ ಒಪ್ಪಿಸಿದರು. ಸೋಮವಾರ ಅವನು ಯಜಮಾನರ ತಿರುಪುಳಿ ಕೇಳಿ, ನಿನ್ನದೇನಾಯಿತು ಎಂಬ ಪ್ರಶ್ನೆಗೆ ಅಡವಿಟ್ಟಿದ್ದೇನೆ ಎಂದು ಸತ್ಯ ಹೇಳಿದ. ಯಜಮಾನರು ತಮಾಷೆ ಎಂದುಕೊಂಡು ನಕ್ಕರು. ಸಂಜೆ ಮಿಷನ್ ತಲುಪಿದೆ ಎಂದು ಆ್ಯಪು ಹೇಳಿತು. ಸರಿಯಿದೆ ಎಂದು ಪರದೆಯವಳು ಒತ್ತಲಿಲ್ಲ.

ಮಂಗಳವಾರವೂ ಒತ್ತಲಿಲ್ಲ. ಟೈಲರ್ ಅಂಗಡಿಯಲ್ಲಿ ಅಕ್ಕನ ಜಾಗಕ್ಕೆ ಆಗಲೇ ಬೇರೊಬ್ಬಳು ಬಂದು ನೋಡಿ ಹೋಗಿದ್ದಳು. ಚೌಕಾಶಿ ಪರದೆಯವಳಿಗೆ ಯಾವಾಗ ಎಂದು ಬರೆದು ಅಳಿಸಿದ, ಮತ್ತೆ ಬರೆದು ಮತ್ತೆ ಅಳಿಸಿದ.

ಬುಧವಾರ ಬೆಳಗ್ಗೆ ದುರ್ಬೀನು ಬಂತು. ಪೆಟ್ಟಿಗೆ ತಂದವನು ಇನ್ನೂ ಮೆಟ್ಟಿಲು ಇಳಿಯುತ್ತಿದ್ದ. ಚೌಕಾಶಿ ದಾರ ಬಿಚ್ಚುವ ಮೊದಲೇ, ಒಳಗೆ ಇಟ್ಟಿಗೆಯಿದ್ದರೂ ಇರಲಿ ಎಂದು, ಸರಿಯಿದೆ ಎನ್ನುವ ಗುಂಡಿ ಒತ್ತಿದ. ಆಮೇಲೆ ಬಿಚ್ಚಿದ. ಹತ್ತಿ ಮೂರು ಸುತ್ತು ಇತ್ತು. ಗಾಜಿನಲ್ಲಿ ಒಂದು ಸಣ್ಣ ಗೀರು. ಫೋಟೊ ತೆಗೆಯುವಾಗ ಮೇಷ್ಟ್ರೂ ಅದರ ಮೇಲೆ ನೆರಳು ಬೀಳಿಸಿದ್ದರು.

ಅಂಗಡಿಯಲ್ಲಿ ಆ ದಿನ ಅವನು ನೀರು ಕುಡಿಯಲು ಹನ್ನೊಂದು ಸಲ ಹೊರಗೆ ಹೋದ. ನಾಲ್ಕೂ ಇಪ್ಪತ್ತಕ್ಕೆ ಪರದೆಯವಳಿಂದ ಒಂದು ಫೋಟೊ ಬಂತು. ನೀಲಿ ಬಟ್ಟೆ, ಅದರ ಅಂಚಿನಲ್ಲಿ ನೇರ ಹೊಲಿಗೆ. ಕೆಳಗೆ ಬರೆದಿದ್ದಳು: ಎರಡು ದಿನ ಎಳೆ ತಪ್ಪುತ್ತಿತ್ತು, ಇವತ್ತು ಪಳಗಿತು. ನಿಮ್ಮ ಕೈಯ ಮಿಷನ್, ನನ್ನ ಕೈ ಒಪ್ಪಲು ತಡವಾಯಿತು, ಕ್ಷಮಿಸಿ. ಸರಿಯಿದೆ ಎಂದು ಒತ್ತಿದ್ದಳು. ಐದಕ್ಕೆ ದುಡ್ಡು ಅಕ್ಕನ ಖಾತೆಯಲ್ಲಿತ್ತು.

ಕತ್ತಲಾಗುವ ಮೊದಲು ಅಕ್ಕ ತಮ್ಮ ಇಬ್ಬರೂ ಎಟಿಎಂನಿಂದ ದುಡ್ಡು ತೆಗೆದುಕೊಂಡು ಅಜ್ಜನ ಮುಂದೆ ನಿಂತರು. ಅಜ್ಜ ಎರಡು ಸಲ ಎಣಿಸಿ, ಗೊಂಚಲಿನಿಂದ ಒಂದು ಬೀಗದ ಕೈ ಬಿಡಿಸಿ ಅಕ್ಕನಿಗೆ ಕೊಟ್ಟ. ಮೇಲಂಗಿಯ ಜೇಬಿನಿಂದ ತಿರುಪುಳಿ ತೆಗೆದು ಚೌಕಾಶಿಗೆ ಕೊಟ್ಟ. ಅದರ ತುದಿ ಹೊಳೆಯುತ್ತಿತ್ತು.

“ಸವೆದಿತ್ತು. ಉಜ್ಜಿ ಸರಿಮಾಡಿದ್ದೀನಿ,” ಎಂದ. “ಅದಕ್ಕೇ ಇರಬೇಕು ಪಾಪ, ಒಂದು ತಿರುಪಿಗೆ ನಿನಗೆ ಒಂದು ಗಂಟೆ ಹಿಡಿದದ್ದು.”

ಅಕ್ಕ ಬಾಗಿಲು ತೆರೆದು ಒಳಗೆ ಹೋಗಿ, ಗೋಡೆಯಿಂದ ಗೋಡೆಗೆ ಗೇಣು ಹಾಕಿ ಅಳೆದಳು. ಮುಂಗಡ ಮುಗಿಯಿತು, ಬಾಡಿಗೆ ತಿಂಗಳ ಮೊದಲ ದಿನವೇ ಬರಬೇಕು ಎಂದು ಅಜ್ಜ ಹೊರಗಿನಿಂದ ಹೇಳಿದ. ಬಾಡಿಗೆ ಎಂಬ ಮಾತು ಕಿವಿಗೆ ಬಿದ್ದದ್ದೇ ಬಾಗಿಲಲ್ಲಿ ನಿಂತಿದ್ದ ಚೌಕಾಶಿ ಗಂಟಲು ಸರಿಮಾಡಿಕೊಂಡು ಬಾಯಿ ತೆರೆದ.

ಅಕ್ಕ ಅಳೆಯುತ್ತಲೇ ಎರಡು ಹೆಜ್ಜೆ ಹಿಂದೆ ಬಂದು ಅವನ ಕಾಲು ತುಳಿದಳು.